ಅರ್ಧ ಮಾತ್ರೆ

“ಜಿಪಾರಕ್ಕ, ಅದ್ಯಾಕೆ ಮಾತ್ರೆ ಮುರೀತಿದ್ದೀಯ?”

ಊರಿನ ನರ್ಸ್ ತುರ್ಸುನಾಯ್ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಜಿಪಾರ ಕಂಬಳಿಯಲ್ಲಿ ಚಿತ್ತಾರ ಕತ್ತರಿಸುವ ಚಾಕುವಿನಿಂದಲೇ ಮಾತ್ರೆಯನ್ನು ಎರಡು ಮಾಡಿ, ಒಂದು ಚೂರನ್ನು ಪಕ್ಕದ ಮನೆಯ ಬುರುಲಳ ಅಂಗೈಗೆ ಹಾಕಿದ್ದಳು.

“ಮತ್ತೆ? ಇಬ್ಬರಿಗೂ ಸ್ತನದ ಕ್ಯಾನ್ಸರು. ಒಂದೇ ವಾರ್ಡಿನಲ್ಲಿ ಮಲಗಿದ್ವಿ. ನನಗೆ ಮಾತ್ರ ಐದು ವರ್ಷ ಮಾತ್ರೆ, ಇವಳಿಗೆ ಬರಿಗೈ. ಪಕ್ಕದಲ್ಲಿ ಕೂತೋಳಿಗೆ ಕೊಡದೆ ನುಂಗಿದ್ರೆ ಗಂಟಲಲ್ಲಿ ಇಳಿಯುತ್ತಾ?”

“ಯಾವಾಗಿನಿಂದ?”

“ಕುರಿ ಬೆಟ್ಟ ಹತ್ತಿದಾಗಿನಿಂದ.”

ಬೇಸಿಗೆ ಪೂರ್ತಿ ಕಳೆದು ಕುರಿ ಈಗ ಇಳಿದು ಬಂದಾಗಿತ್ತು. ತುರ್ಸುನಾಯ್ ಹಣೆ ಒತ್ತಿಕೊಂಡಳು.

“ಬೈಬೇಡ ತಂಗಿ,” ಬುರುಲ್ ನಕ್ಕಳು. “‘ಈ ಬುರುಲ್ ಹೇಗೂ ಸಾಯೋಳು, ಮಾತ್ರೆ ಯಾಕೆ ದಂಡ’ ಅಂದ್ಕೊಂಡಿರಬೇಕು ಡಾಕ್ಟರು.” ನಗುತ್ತಿದ್ದರೂ ಅವಳ ಮುಷ್ಟಿ ಬಿಗಿದಿತ್ತು.

ತುರ್ಸುನಾಯ್ ಇಬ್ಬರ ನಡುವೆ ಹಾಸಿದ್ದ ಕಪ್ಪು ಕಂಬಳಿಯ ಹತ್ತಿರ ಸರಿದಳು. ಟಗರಿನ ಕೊಂಬಿನ ಆಕಾರದಲ್ಲಿ ಅದನ್ನು ಕೊರೆದಿದ್ದರು. ಅಲ್ಲಿ ಸೇರಿಸಿ ಹೊಲಿಯಲೆಂದು ಕತ್ತರಿಸಿದ್ದ, ಅದೇ ಆಕಾರದ ಕೆಂಪು ತುಂಡೊಂದನ್ನು ಎತ್ತಿ ಕಂಡಿಯಲ್ಲಿ ಕೂರಿಸಿದಳು.

“ಜಿಪಾರಕ್ಕ, ನಿನ್ನ ಗಡ್ಡೆಯ ಜೀವಕೋಶಗಳಲ್ಲಿ ಇಂಥ ಕಂಡಿ ಇತ್ತು. ಮೈಯೊಳಗಿನ ಹಾರ್ಮೋನು ಬಂದು ಅದರಲ್ಲಿ ಕೂತ್ರೆ ಗಡ್ಡೆ ಬೆಳೆಯುತ್ತೆ. ಅಂಥ ಕೋಶ ಎಲ್ಲಾದ್ರೂ ಉಳಿದಿದ್ರೆ ಅಂತ ಈ ಮಾತ್ರೆ. ಇದು ಮೊದಲೇ ಹೋಗಿ ಜಾಗ ಹಿಡಿಯುತ್ತೆ. ಅರ್ಧ ನುಂಗಿದ್ರೆ ಕಂಡಿ ಪೂರ್ತಿ ಮುಚ್ಚೀತಾ?”

“ಇವಳಿಗೆ?”

ತುರ್ಸುನಾಯ್ ಪಕ್ಕದಲ್ಲಿದ್ದ, ಇನ್ನೂ ಕೊರೆಯದ ಕಂಬಳಿಯನ್ನು ತಟ್ಟಿದಳು. “ಇವಳದ್ದು ಹೀಗೆ. ಕಂಡಿಯೇ ಇಲ್ಲ. ಮಾತ್ರೆ ಹೋಗಿ ಎಲ್ಲಿ ಕೂರಬೇಕು? ಬುರುಲಕ್ಕ, ನಿನ್ನನ್ನ ಯಾರೂ ಕೈಬಿಟ್ಟಿಲ್ಲ. ನಿನಗೆ ಬೇಕಾದ ಔಷಧಿ ಡ್ರಿಪ್ಪಿನಲ್ಲಿ ಕೊಟ್ಟಾಯ್ತು. ಆಮೇಲೆ ಆಸ್ಪತ್ರೆಗೆ ತಪಾಸಣೆಗೆ ಹೋಗಬೇಕಿತ್ತು. ಎರಡು ಸಲ ಯಾಕೆ ತಪ್ಪಿಸ್ಕೊಂಡೆ?”

“ಮಾತ್ರೆ ತಗೋತಿದ್ದೀನಲ್ಲ, ಇನ್ಯಾಕೆ ಅಂತ...” ಬುರುಲ್ ತನ್ನ ಮುಷ್ಟಿಯನ್ನು ನೋಡಿಕೊಂಡಳು.

ಜಿಪಾರ ಆ ಕಂಬಳಿಯನ್ನೂ ಈ ಕಂಬಳಿಯನ್ನೂ ನೋಡಿದಳು. ಒಂದೇ ಹೆಸರಿನ ಕಾಯಿಲೆ ಎರಡಾಗುವುದು ಹೇಗೆ? ತಾನು ಕೊಟ್ಟಿದ್ದರಿಂದಲೇ ಇವಳು ಆಸ್ಪತ್ರೆಗೆ ಹೋಗಲಿಲ್ಲವೇ? ಅರ್ಧ ತಿಳಿಯಿತು, ಇನ್ನರ್ಧ ಉಣ್ಣೆಯಂತೆ ಸಿಕ್ಕುಸಿಕ್ಕಾಗಿಯೇ ಉಳಿಯಿತು.

“ಕೊಟ್ಟಿದ್ದು ತಪ್ಪಾ?” ಎಂದಳು.

ಬುರುಲ್ ಮುಷ್ಟಿ ಬಿಚ್ಚಿ ತನ್ನ ಚೂರನ್ನು ಅವಳ ಅಂಗೈಗೆ ಒತ್ತಿದಳು. “ನುಂಗೇ, ಮೊಂಡಿ. ನೀನು ಸತ್ರೆ ಈ ಕಂಬಳಿ ಹೊಲಿಯೋರ್ಯಾರು?”

“ಮತ್ತೆ ನೀನು ಏನ್ ಮಾಡ್ತೀಯ?”

“ನಾನಾ? ಗುರುವಾರದ ಬಸ್ಸಿಗೆ ತಪಾಸಣೆಗೆ ಹೋಗ್ತೀನಿ. ನೀನೂ ಬಾ, ಒಬ್ಬಳೇ ಹೋಗೋಕೆ ಭಯ.”

ಜಿಪಾರ ಎರಡೂ ಚೂರುಗಳನ್ನು ಬಾಯಿಗೆ ಹಾಕಿಕೊಂಡು ಚಹಾ ಕುಡಿದಳು. ಆಮೇಲೆ ರೊಟ್ಟಿಯನ್ನೆತ್ತಿ ಮುರಿದು, ದೊಡ್ಡ ತುಂಡನ್ನು ಬುರುಲಳ ಮುಂದಿಟ್ಟಳು.