ಭಂಡಾರ ಹಚ್ಚಿದ ಕಾಟಾ

ಕೆಂಪು ಕಾರಿನ ಮುಂದಿನ ಎಡ ಗಾಲಿಯನ್ನು ಗುರುಸಿದ್ಧ ಐದು ದಿನಗಳಲ್ಲಿ ಹದಿನಾಲ್ಕು ಸಲ ಬಿಚ್ಚಿದ್ದ, ಹದಿನಾಲ್ಕು ಸಲ ಕೂಡಿಸಿದ್ದ. ಹದಿನೈದನೆಯ ಸಲ ಕೈಹಾಕಿದಾಗ ನಟ್ಟು ಬಿಚ್ಚುವ ಪಾನಾ ಜಾರಿ ಬೆರಳಿನ ಗೆಣ್ಣಿನ ಚರ್ಮ ಕಿತ್ತುಹೋಯಿತು. ಸಿಟ್ಟು ನೆತ್ತಿಗೇರಿ ಪಾನಾವನ್ನು ಗೋಡೆಗೆ ಬೀಸಿ ಒಗೆದ. ಗೋಡೆಯ ಮೇಲಿದ್ದ ಕ್ಯಾಲೆಂಡರ್ ಕಳಚಿ ಎಣ್ಣೆಯ ಟ್ರೇಯಲ್ಲಿ ಬಿತ್ತು. ಅದನ್ನೂ ಅವನೇ ಎತ್ತಬೇಕು, ಗ್ಯಾರೇಜಿನಲ್ಲಿ ಬೇರೆ ಯಾರಿದ್ದಾರೆ?

ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯಲ್ಲಿ ಎರಡೇ ಕಾರು ಹಿಡಿಯುವ ಗ್ಯಾರೇಜು ಅವನದು. ಕೆಂಪು ಕಾರು ಯುವರಾಜನದು. ಅಕ್ಕಲಕೋಟೆ ಕಡೆಯ ದೊಡ್ಡ ಹೊಲಮನೆಯ ಮಗ, ಕಾರೋಟದ ಹುಚ್ಚು. ಭಾನುವಾರ ಪುಣೆಯ ಹತ್ತಿರದ ಮೈದಾನವೊಂದರಲ್ಲಿ ಓಟವಿತ್ತು. ಅದಕ್ಕೆಂದೇ ಕಾರಿನ ಕುಲುಕು ತಡೆಯುವ ಮೂಲ ಶಾಕಪ್ ತೆಗೆಸಿ ಕಾಯಿಲ್‌ಓವರ್ ಹಾಕಿಸುತ್ತಿದ್ದ. ಶಾಕಪ್ಪಿನ ಮೈಗೆ ತಿರುಪು ಕೊರೆದು, ಮೇಲೆ ಸ್ಪ್ರಿಂಗ್ ತೊಡಿಸಿ, ಅದನ್ನು ಹೊರಲು ಒಂದು ರಿಂಗ್ ಕೂರಿಸಿದ ಸಾಮಾನು ಅದು. ರಿಂಗ್ ಮೇಲಕ್ಕೆ ತಿರುಗಿಸಿದರೆ ಕಾರಿನ ಆ ಮೂಲೆ ಏಳುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಕೂಡಿಸುವುದು ಒಂದು ದಿನದ ಕೆಲಸ. ಹೊಂದಿಸುವುದೇ ತಲೆನೋವು. ಒಂದೊಂದು ಗಾಲಿಯ ಮೇಲೂ ಎಷ್ಟು ಭಾರ ಬೀಳುತ್ತದೆಂದು ತೂಗಬೇಕು, ರಿಂಗ್ ಒಂದಿಷ್ಟು ತಿರುಗಿಸಬೇಕು, ಮತ್ತೆ ತೂಗಬೇಕು. ಮಂಚದ ಒಂದು ಕಾಲಿಗೆ ಚಕ್ಕೆ ಕೊಟ್ಟರೆ ಇನ್ನೊಂದು ಕಾಲು ಎದ್ದು ನಿಲ್ಲುತ್ತದಲ್ಲ, ಥೇಟ್ ಹಾಗೆ.

ಇಂಥ ಕೆಲಸ ಪುಣೆಯಲ್ಲಷ್ಟೇ ಆಗುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಆ ಮಾತು ಕೇಳಿ ಕೇಳಿ ಗುರುಸಿದ್ಧನ ಕಿವಿ ಸುಟ್ಟಿದ್ದವು. ಪುಣೆಯವರ ಹತ್ತಿರ ಗಾಲಿ ತೂಗಲೆಂದೇ ಯಂತ್ರವಿದೆ, ಇವನ ಹತ್ತಿರ ಇಲ್ಲ. ಆದರೆ ಇವನು ಕರಜಗಿಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ಕುರಿಯನ್ನು ನಿಲ್ಲಿಸಿ ತೂಗುವ ಕಾಟಾ, ನೆಲದ ಮೇಲಿಡುವ ಆ ಅಗಲ ತಗಡಿನ ತಕ್ಕಡಿ, ಗಾಲಿಯನ್ನೂ ತೂಗುತ್ತದೆಂದು ಅವನಿಗೆ ಹೊಳೆಯಿತು. ಮಾರ್ಕೆಟ್ ಯಾರ್ಡಿನಿಂದ ಮೂರು ಕಾಟಾ ಬಾಡಿಗೆಗೆ ತಂದ. ನಾಲ್ಕನೆಯದನ್ನು ಸೋದರಮಾವ ಧರೆಪ್ಪ ಕೊಟ್ಟ. ಧರೆಪ್ಪ ಕುರಿ ವ್ಯಾಪಾರಿ. ಕರಜಗಿ, ಚಪಳಗಾಂವ ಸುತ್ತಲಿನ ಕುರಿಗಳೆಲ್ಲ ಅವನ ಕಾಟಾದ ಮೇಲೆ ಹತ್ತಿ ಇಳಿದೇ ಪೇಟೆ ಸೇರುವುದು.

ಬಾಡಿಗೆಯ ಮೂರನ್ನೂ ಗುರುಸಿದ್ಧ ಹೊಲಿಗೆ ಬಿಚ್ಚದ ಸಿಮೆಂಟ್ ಚೀಲವಿಟ್ಟು ಪರೀಕ್ಷಿಸಿದ. ಐವತ್ತಕ್ಕೆ ಐವತ್ತು ತೋರಿಸಿದವು. ಮಾವನ ಕಾಟಾದ ಮೇಲೆ ಚೀಲ ಇಡಲಿಲ್ಲ. ಪ್ರತಿ ಭಾನುವಾರ ಧರೆಪ್ಪ ಮೈಲಾರನ ಹೆಸರು ಹೇಳಿ ಅದರ ನಾಲ್ಕೂ ಮೂಲೆಗೆ ಭಂಡಾರ ಹಚ್ಚುತ್ತಿದ್ದ. ವರ್ಷಗಟ್ಟಲೆ ಹಚ್ಚಿದ ಅರಿಶಿನ ತಗಡಿನೊಳಗೇ ಇಳಿದಿತ್ತು. ಭಂಡಾರ ಮುಟ್ಟಿ ಆಡಿದ ಮಾತನ್ನು ಈ ಕುರಿಗಾರರ ಪೈಕಿ ಯಾರೂ ಮರಳಿ ಕೇಳುವುದಿಲ್ಲ. ಭಂಡಾರ ಹಚ್ಚಿದ ಕಾಟಾದ ಮೇಲೆ ಸಿಮೆಂಟ್ ಚೀಲ ಇಟ್ಟು ನೋಡುವುದೆಂದರೆ ಮಾವನ ಮುಖಕ್ಕೆ ಉಗಿದಂತೆ. ಅದೂ ಎಂಥ ಮಾವ! ಹತ್ತನೇ ಇಯತ್ತೆಯಲ್ಲಿ ನಪಾಸಾಗಿ ಊರಲ್ಲಿ ಮುಖ ಮುಚ್ಚಿಕೊಂಡಿದ್ದ ಹುಡುಗನನ್ನು ಸೋಲಾಪುರಕ್ಕೆ ಕರೆತಂದು, ನಾಲ್ಕು ವರ್ಷ ತನ್ನ ಮನೆಯಲ್ಲಿಟ್ಟು ಉಣಿಸಿ, ಕೆಲಸ ಕಲಿಯಲು ಹಚ್ಚಿದವನು. ಅವನ ಕಾಟಾ ಗೌರವದಿಂದ ಮೊದಲ ಜಾಗಕ್ಕೆ, ಮುಂದಿನ ಎಡ ಗಾಲಿಯ ಕೆಳಗೆ ಹೋಯಿತು.

ಅಂದಿನಿಂದ ಶುರುವಾಯಿತು ಗೋಳು. ಯುವರಾಜನ ತೂಕದಷ್ಟೇ ಜೋಳ ತುಂಬಿದ ಚೀಲವನ್ನು ಡ್ರೈವರ್ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂರಿಸಿ ತೂಗಿದರೆ, ಮುಂದಿನ ಎಡ ಗಾಲಿಯ ಭಾರ ಇರಬೇಕಾದ್ದಕ್ಕಿಂತ ಇಪ್ಪತ್ತು ಕಿಲೋ ಕಡಿಮೆ. ಸರಿ, ಅಲ್ಲಿನ ರಿಂಗ್ ಮೇಲಕ್ಕೆ ತಿರುಗಿಸಿದ. ಹಿಂದಿನದನ್ನು ಇಳಿಸಿದ. ಕಾಟಾದ ಮೇಲೆ ಲೆಕ್ಕ ಹೊಂದಿತು. ಖುಷಿಯಿಂದ ವಳಸಂಗದವರೆಗೆ ಓಡಿಸಿದರೆ, ಬ್ರೇಕ್ ಒತ್ತಿದ ಕೂಡಲೇ ಕಾರು ಎಡಕ್ಕೆ ಎಳೆಯಿತು. ಬಲಕ್ಕೆ ತಿರುಗಿಸಿದರೆ ಒಂದು ನಡತೆ, ಎಡಕ್ಕೆ ತಿರುಗಿಸಿದರೆ ಇನ್ನೊಂದು. ಟೈರಿನ ಗಾಳಿ ನೋಡಿದ. ಬುಷ್ ಬದಲಿಸಿದ. ಅಲೈನ್‌ಮೆಂಟ್ ಮಾಡಿಸಿದ. ನೆಲವೇ ಓರೆ ಇರಬೇಕೆಂದು ನೀರಿನ ಪೈಪು ಹಿಡಿದು ಮಟ್ಟ ನೋಡಿದ. ಕಡೆಗೆ ತನ್ನ ಕೈಯನ್ನೇ ಅನುಮಾನಿಸಿದ. ಮಾವನ ಕಾಟಾ ಒಂದನ್ನು ಬಿಟ್ಟು ಜಗತ್ತಿನಲ್ಲಿರುವುದನ್ನೆಲ್ಲ ಅನುಮಾನಿಸಿದ, ಪುಣ್ಯಾತ್ಮ.

ಗುರುವಾರ ಯುವರಾಜ ಬಂದು ಕಾರು ಓಡಿಸಿ ನೋಡಿ, ಬಾಗಿಲನ್ನು ದಢಾರನೆ ಹಾಕಿ ಇಳಿದಿದ್ದ.

"ಗುರುಸಿದ್ಧಣ್ಣಾ, ಇದೇನ್ ಗಾಡಿ ಅದನೋ, ಕುಡುಕನೋ? ನಾಳೆ ಮಧ್ಯಾನತನಾ ದಾರಿ ನೋಡ್ತೀನಿ. ಆಗಲಿಲ್ಲಂದ್ರ ಟೋ ಮಾಡ್ಕೊಂಡು ಪುಣೆಗೆ ಒಯ್ತೀನಿ. ಮ್ಯಾಲ ವಿಡಿಯೋ ಹಾಕ್ತೀನಿ, ಸೋಲಾಪುರದಾಗ ಯಾರೂ ಗಾಡಿ ಕೊಡಬ್ಯಾಡ್ರಿ ಅಂತ."

ವಿಡಿಯೋ ಹಾಕುವವನೇ ಅವನು. ಹಾಕಿದರೆ ಮುಗಿಯಿತು, ಜನ್ಮವಿಡೀ ಆಯಿಲ್ ಬದಲಿಸುತ್ತ ಕೂರಬೇಕು. ಇವತ್ತು ಶುಕ್ರವಾರ, ಹೊತ್ತು ಹನ್ನೊಂದು. ಗುರುಸಿದ್ಧ ಕ್ಯಾಲೆಂಡರ್ ಎತ್ತಿ ಒರೆಸಿ, ಪಾನಾ ಹುಡುಕಿ ತಂದು, ಕಾರನ್ನು ಜಾಕಿನ ಮೇಲೆತ್ತಿ, ಗಾಲಿಗಳ ಕೆಳಗಿನ ಕಾಟಾಗಳನ್ನು ಪಕ್ಕಕ್ಕೆ ಎಳೆದು, ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಅಳು ಬಂದಂತಾಯಿತು. ಮೂವತ್ತೊಂದು ವರ್ಷದ ಗಂಡಸು, ಒಂದು ಸ್ಪ್ರಿಂಗಿಗಾಗಿ!

ಆ ಹೊತ್ತಿಗೆ ಅವನ ತಾಯಿ ಬೀರವ್ವ ಎಸ್‌ಟಿ ಬಸ್ಸಿಳಿದು ಬುತ್ತಿಗಂಟು ಹಿಡಿದು ಬಂದಳು. ಮರುದಿನ ಧರೆಪ್ಪ ಕರಜಗಿಯಲ್ಲಿ ಅವಳ ಹನ್ನೆರಡು ಮರಿಗಳನ್ನು ತೂಗಿ ಕೊಳ್ಳುವವನಿದ್ದ. ಕಾಟಾ ಹೇರಿಕೊಂಡು ಇವತ್ತೇ ಕರಜಗಿಗೆ ಹೊರಡಲು ಅವನು ಪಿಕಪ್ ತರುತ್ತಾನೆ, ಅದರಲ್ಲೇ ಹಿಂದಿರುಗಿದರಾಯಿತೆಂದು ಬಂದಿದ್ದಳು. ಮಗನ ಮುಖ ಕಂಡು ಗಂಟು ಕೆಳಗಿಟ್ಟಳು.

"ಎಷ್ಟು ಸೊರಗಿಯೋ ಯಪ್ಪಾ! ಉಣ್ಣಾಕತ್ತಿಲ್ಲೇನು?"

"ಸೊರಗಿಲ್ಲಬೇ ಅವ್ವಾ. ಸುಮ್ನ ತಲಿ ತಿನಬ್ಯಾಡ."

"ಕಣ್ಣು ಒಳಗ ಹೋಗ್ಯಾವು, ಸೊರಗಿಲ್ಲಂತ!"

ಬಾಯಿ ಮುಚ್ಚಿಸಲೆಂದು ಗುರುಸಿದ್ಧ ಪಕ್ಕದಲ್ಲೇ ಇದ್ದ ಮಾವನ ಕಾಟಾ ಹತ್ತಿ ನಿಂತ. ಅರವತ್ತಾರು. ಬೀರವ್ವ ಗೆದ್ದವಳಂತೆ ತಲೆಯಾಡಿಸಿದಳು. ಓದು ಬರದಿದ್ದರೂ ಕಾಟಾದ ಅಂಕಿ ಅವಳಿಗೆ ಚೆನ್ನಾಗಿ ಬರುತ್ತದೆ, ಕುರಿಯವರ ಮನೆಯ ಹೆಂಗಸು. ಗುರುಸಿದ್ಧನಿಗೆ ಮಾತ್ರ ನಂಬಿಕೆ ಬರಲಿಲ್ಲ. ಹೋದ ತಿಂಗಳು ರಕ್ತದಾನದಲ್ಲಿ ಎಪ್ಪತ್ತು ಬರೆದುಕೊಂಡಿದ್ದರು. ಬಲಗಡೆಯ ಕಾಟಾ ಹತ್ತಿದ. ಎಪ್ಪತ್ತು. ಹಿಂದಿನದನ್ನು ಹತ್ತಿದ. ಎಪ್ಪತ್ತು. ನಾಲ್ಕನೆಯದರ ಮೇಲೂ ಎಪ್ಪತ್ತು.

ಮತ್ತೆ ಮಾವನದರ ಮೇಲೆ ನಿಂತ. ಅರವತ್ತಾರು.

ಸಿಮೆಂಟ್ ಚೀಲ ಎಳೆದು ತಂದು ಭಂಡಾರದ ಮೇಲೆ ಇಟ್ಟ. ನಲವತ್ತೇಳು ತೋರಿಸಿತು. ಐವತ್ತಕ್ಕೆ ಮೂರು ಕಡಿಮೆಯಾದರೆ ಗಾಲಿಯ ಮುನ್ನೂರ ನಲವತ್ತಕ್ಕೆ ಎಷ್ಟು? ಇಪ್ಪತ್ತು. ಐದು ದಿನ ಇವನು ಗುದ್ದಾಡಿದ್ದು ಇದೇ ಇಪ್ಪತ್ತರ ಜೊತೆ. ಕಾರು ಮೊದಲ ದಿನವೇ ಸರಿಯಿತ್ತು. ಅದನ್ನು ಓರೆ ಮಾಡಿದವನು ತಾನೇ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ತಾಯಿಯ ಕಡೆ ತಿರುಗಲು ಧೈರ್ಯವಾಗಲಿಲ್ಲ. ಬೀರವ್ವ ಬುತ್ತಿಗಂಟಿನ ಪಕ್ಕ ಕೂತು ಆ ಅಂಕಿಯನ್ನೇ ನೋಡುತ್ತಿದ್ದಳು.

ಬಾಡಿಗೆಯ ಕಾಟಾವೊಂದನ್ನೇ ನಾಲ್ಕೂ ಗಾಲಿಗೆ ಸರದಿಯಂತೆ ಇಟ್ಟು, ಉಳಿದ ಗಾಲಿಗಳ ಕೆಳಗೆ ಅಷ್ಟೇ ಎತ್ತರದ ಹಲಗೆ ಕೊಟ್ಟು, ಎರಡು ತಾಸಿನಲ್ಲಿ ಗುರುಸಿದ್ಧ ಎಲ್ಲ ರಿಂಗುಗಳನ್ನೂ ಹೊಂದಿಸಿದ. ಯುವರಾಜ ಬಂದು ಮುಖ ಗಂಟುಹಾಕಿಕೊಂಡೇ ಕಾರು ಒಯ್ದ. ಮರಳಿ ಬಂದಾಗ ಗಂಟು ಸಡಿಲಿತ್ತು.

"ಬ್ರೇಕ್ ಹೊಡೆದ್ರ ಸರಳ ನಿಂದರತದ. ಮಸ್ತ್! ಆದ್ರ ಅಣ್ಣಾ, ಐದು ದಿನ ಏನ್ ತಪ್ಪಾಗಿತ್ತು? ಅದು ಗೊತ್ತಾಗದ ನಾ ಇದನ್ನ ನೂರಾ ನಲವತ್ತರಾಗ ಹ್ಯಾಂಗ ಓಡಿಸಲಿ? ಚೂಕ ಯಾರದು, ಹೇಳು."

ಕೇಳುವುದರಲ್ಲಿ ತಪ್ಪಿರಲಿಲ್ಲ. ಜೀವ ಒತ್ತೆಯಿಟ್ಟು ಓಡಿಸುವವನು ಅವನು. ಗುರುಸಿದ್ಧ ಬಾಯಿ ತೆರೆಯುವಷ್ಟರಲ್ಲಿ ಪಿಕಪ್ ಬಂದು ನಿಂತಿತು. ಹಳದಿ ಪೇಟಾ, ಹಣೆತುಂಬ ಭಂಡಾರ, ಧರೆಪ್ಪ ನಗುತ್ತ ಇಳಿದ.

"ಆತೇನೋ ಗುರ್‍ಯಾ? ಹೆಂಗ ಬಂತು ನಮ್ಮ ಕಾಟಾ? ದೇವರ ಕಾಟಾ ಅದು!"

ಗುರುಸಿದ್ಧ ಮಾವನ ಹಣೆಯ ಭಂಡಾರ ನೋಡಿದ. ಹೇಳಿದರೆ ನಾಲ್ಕು ವರ್ಷ ಉಂಡ ಅನ್ನ ಎದುರು ನಿಲ್ಲುತ್ತದೆ. ಹೇಳದಿದ್ದರೆ ತನ್ನ ಹೆಸರು ಹಾಳಾಗುತ್ತದೆ. ಯುವರಾಜ ಕಾಯುತ್ತಿದ್ದ.

"ಚೂಕ ನಂದೇ ಅದರಿ ಮಾಲಕ್ರ," ಎಂದ ಗುರುಸಿದ್ಧ, ನೆಲ ನೋಡುತ್ತ. "ಒಂದು ಕಾಟಾ ತೂಗಿ ನೋಡಲಾರದ ಹಚ್ಚಿದ್ನಿ."

"ಯಾವ ಕಾಟಾ?" ಎಂದ ಯುವರಾಜ.

ಬೀರವ್ವ ಎದ್ದಳು. ಚಪ್ಪಲಿ ಬಿಟ್ಟು ಬಾಡಿಗೆಯ ಕಾಟಾ ಹತ್ತಿದಳು. ಐವತ್ತೆರಡು. ಇಳಿದು ತಮ್ಮನ ಕಾಟಾ ಹತ್ತಿದಳು. ನಲವತ್ತೊಂಬತ್ತು. ಧರೆಪ್ಪನ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು.

"ಅಕ್ಕಾ, ಮಶೀನ್ ಅದ, ಹಿಂದ ಮುಂದ ಆಗಿರತದ..."

"ಮುಂದ ಯಾವಾಗ ಆಗಿತ್ತು ಧರೆಪ್ಪಾ?" ಬೀರವ್ವನ ದನಿ ಏರಲಿಲ್ಲ. "ಇವನ ಅಪ್ಪ ಸತ್ತ ವರ್ಷ ನಲವತ್ತು ಕುರಿ ಇದರ ಮ್ಯಾಲ ಹತ್ತಿಸಿದೆ. ಕುರಿ ತೂಕಕ್ಕ ಕಡಿಮಿ ಬಂದಾವ ಅಂತ ಆಳುಗೋಳು ಅಂದ್ರು. ನಾ ಏನಂದೆ? ನನ್ನ ಮೇವೇ ಕಡಿಮಿ ಬಿದ್ದದ ಅಂದೆ. ಅವತ್ತಿಂದ ನನ್ನ ಕೈಯ ಮ್ಯಾಲೇ ಸಂಶೆ ಪಟ್ಟೀನೋ ನಾ."

ಗುರುಸಿದ್ಧ ಥಟ್ಟನೆ ತಲೆಯೆತ್ತಿದ. ತಾನು ಐದು ದಿನ ಪಟ್ಟ ಅನುಮಾನವನ್ನು ಅವ್ವ ಹದಿನೆಂಟು ವರ್ಷ ಪಟ್ಟಿದ್ದಳು.

ಬೀರವ್ವ ಕಾಟಾದಿಂದಿಳಿದು ಅದರ ಪಕ್ಕ ಕೂತಳು. ಸೆರಗಿನ ತುದಿಯಿಂದ ನಾಲ್ಕೂ ಮೂಲೆಯ ಭಂಡಾರವನ್ನು ಒಂದೊಂದಾಗಿ ಒರೆಸಿದಳು. ಹಳೆಯದು ಬಿಡಲಿಲ್ಲ, ಉಗುರಿನಿಂದ ಕೆರೆದು ತೆಗೆದಳು. ಒಂದು ಚೂರೂ ನೆಲಕ್ಕೆ ಬೀಳದಂತೆ ಎಲ್ಲವನ್ನೂ ಸೆರಗಿನಲ್ಲಿ ಗಂಟು ಕಟ್ಟಿಕೊಂಡಳು.

"ಇದು ದೇವರದು, ನಾ ಒಯ್ತೀನಿ," ಎಂದಳು. "ತಗಡು ನಿಂದು, ನೀ ಒಯ್ಯಿ. ನಾಳೆ ಮರಿ ತೂಗಾಕ ಬರಬ್ಯಾಡ."

ಆಮೇಲೆ ತಮ್ಮನ ಪಿಕಪ್ಪನ್ನು ದಾಟಿ, ಕರಜಗಿ ಬಸ್ಸಿಗೆಂದು ರಸ್ತೆಗೆ ನಡೆದಳು. ಗುರುಸಿದ್ಧ ಪಾನಾ ಕೆಳಗಿಟ್ಟು, ಬಿಚ್ಚದೇ ಉಳಿದಿದ್ದ ಬುತ್ತಿಗಂಟನ್ನು ಎತ್ತಿಕೊಂಡು ಅವಳ ಹಿಂದೆ ಓಡಿದ.