ಸರ್ವಮಂಗಳಾ ಮಾರ್ಕಿನ ಚಕ್ರ

ಮಲ್ಲೇಶ್ವರದ ಆ ಅಡ್ಡರಸ್ತೆಯಲ್ಲಿ ಯಾರೇ ಏನೇ ಕೊಳ್ಳಲಿ, ಮೊದಲು ವರದರಾಜರನ್ನು ಕೇಳಬೇಕು. ಕುಕ್ಕರ್ ಯಾವುದು ತರಬೇಕು, ರೇಡಿಯೋ ಯಾವುದು ಒಳ್ಳೆಯದು, ಮಗಳ ಮದುವೆ ಕಾರ್ಡನ್ನು ಸುಲ್ತಾನ್‌ಪೇಟೆಯ ಯಾವ ಅಂಗಡಿಯಲ್ಲಿ ಅಚ್ಚು ಹಾಕಿಸಬೇಕು, ಎಲ್ಲಕ್ಕೂ ಅವರದೇ ಅಪ್ಪಣೆ. ಸರ್ಕಾರಿ ಆಫೀಸಿನಲ್ಲಿ ಯಾರೂ ಕೇಳದ ಅವರ ಅಭಿಪ್ರಾಯವೆಲ್ಲ ಬೀದಿಯಲ್ಲಿ ಖರ್ಚಾಗುತ್ತಿತ್ತು. ಇಂಥವರು ತಾವೇ ಮೋಸ ಹೋದರೆ ಏನು ಮಾಡುತ್ತಾರೆ? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ.

ಎಪ್ಪತ್ತೇಳನೇ ಇಸವಿಯಲ್ಲಿ ಅವರ ಹಳೆಯ ಫಿಯಟ್ಟಿಗೆ ಹೊಸ ಚಕ್ರ ಬೇಕಾಯಿತು. ಟೈರಲ್ಲ, ಟೈರನ್ನು ಹೊರುವ ಕಬ್ಬಿಣದ ಚಕ್ರ. ಸರ್ವಮಂಗಳಾ ಆಟೋ ಸ್ಟೋರ್ಸಿನ ನಂಜಪ್ಪ ತನ್ನ ಅಂಗಡಿಯದೇ ಹೆಸರು ಒತ್ತಿಸಿದ ಚಕ್ರಗಳನ್ನು ಕಂಪನಿ ಮಾಲಿನ ಅರ್ಧ ಬೆಲೆಗೆ ಮಾರುತ್ತಿದ್ದ. "ಅಗ್ಗ ಅಂತ ಮುಗ್ಗಲು ಜೋಳ ಕೊಂಡ ಹಾಗಾಗತ್ತೆ, ಬೇಡ ಕಣ್ರೀ" ಎಂದರು ಹೆಂಡತಿ, ಸ್ಕೂಲ್ ಟೀಚರ್ ಚೂಡಾಮಣಿ. ಮೇಷ್ಟರಮ್ಮನಿಗೆ ಕಾರಿನ ವಿಷಯ ಏನು ಗೊತ್ತು! ವರದರಾಜರು ಕೊಂಡೇ ಕೊಂಡರು. ಕೊಂಡದ್ದಲ್ಲದೆ ಬೀದಿಗೆಲ್ಲ ಸಾರಿದರು: "ಕಂಪನಿಯೋರು ಹೆಸರಿಗೆ ದುಡ್ಡು ತಗೋತಾರೆ ಅಷ್ಟೆ. ಯಾರು ಮಾಡಿದ್ರೂ ಕಬ್ಬಿಣ ಕಬ್ಬಿಣಾನೇ." ಅವರ ಅಕ್ಕ ಆಂಡಾಳಮ್ಮನ ಮಗ ರಾಮಾನುಜ ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ, ಸೋದರಮಾವನ ಮಾತೇ ವೇದವಾಕ್ಯವೆಂದು ನಾಲ್ಕೂ ಚಕ್ರ ಅಲ್ಲೇ ಹಾಕಿಸಿದ.

ವರ್ಷ ತುಂಬುವ ಹೊತ್ತಿಗೆ ವರದರಾಜರ ಕಾರು ಪಂಕ್ಚರ್ ಆಯಿತು. ಬಿಚ್ಚಿದ ಚಕ್ರವನ್ನು ತಿರುಗಿಸಿ ನೋಡಿದರೆ ಬೋಲ್ಟಿನ ತೂತಿನಿಂದ ಕೂದಲೆಳೆಯಷ್ಟು ಬಿರುಕು. ನಂಜಪ್ಪನಲ್ಲಿಗೆ ಓಡಿದರೆ, "ಗುಂಡಿಗೆ ಇಳಿಸಿರ್ತೀರ ಸಾರ್. ನಮ್ ಮಾಲಿಗೇನೂ ಆಗಲ್ಲ" ಎಂದು ಕೈ ತೊಳೆದುಕೊಂಡ. ಕಂಪನಿಯ ಚಕ್ರ ಹಾಕಿಸಿದರೆ ಹೆಂಡತಿಯ ಕಣ್ಣಿಗೆ ಬೀಳುತ್ತದೆ, ನಾನು ಹೇಳಿರಲಿಲ್ಲವೇ ಎನ್ನುತ್ತಾಳೆ. ಬಿರುಕಿನ ಮೇಲೆ ಗ್ರೀಸು ಬಳಿದು ಅದೇ ಚಕ್ರವನ್ನು ಮತ್ತೆ ಹಾಕಿಸಿಕೊಂಡರು.

ಅಂದಿನಿಂದ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬರುವ ಸೋಮವಾರ ರಾಮಾನುಜ ಮಗುವಿನ ಮುಡಿ ಕೊಡಲು ತಿರುಪತಿಗೆ ಹೊರಡುವವನಿದ್ದ, ಅದೇ ಮಾರ್ಕಿನ ನಾಲ್ಕು ಚಕ್ರಗಳ ಮೇಲೆ. ಘಾಟಿಯ ರಸ್ತೆ ಬೇರೆ. ಹೇಳಿಬಿಡಬೇಕು ಎಂದು ಹೊರಡುವುದು, ಅಕ್ಕನ ಮನೆಯ ಗೇಟಿನವರೆಗೂ ಹೋಗಿ ವಾಪಸು ಬರುವುದು, ಹೀಗೇ ವಾರ ಕಳೆಯಿತು. ಬಿಸಿ ತುಪ್ಪ ಬಾಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಬೀಳ್ಕೊಡಲು ಗಂಡಹೆಂಡತಿ ಇಬ್ಬರೂ ಹೋದರು. ಕಾರಿಗೆ ಕುಂಕುಮ ಹಚ್ಚಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಆಂಡಾಳಮ್ಮ, ಸೊಸೆ, ಅವಳ ತೊಡೆಯ ಮೇಲೆ ಮಗು, ಎಲ್ಲರೂ ಒಳಗೆ ಕೂತಿದ್ದರು.

"ಬಸ್ಸಲ್ಲೇ ಹೋಗಬಹುದಿತ್ತೇನೋ ರಾಮು" ಎಂದರು ವರದರಾಜರು.

"ಯಾಕ್ ಮಾವ? ನೀವೇ ಕೊಡಿಸಿದ ಚಕ್ರ ಇರೋವಾಗ!" ಎಂದು ರಾಮಾನುಜ ನಕ್ಕ.

"ಹೊರಡೋ ಹೊತ್ನಲ್ಲಿ ಏನು ವರದಾ ನಿಂದು, ಒಳ್ಳೇ ಮಾತಾಡು" ಎಂದರು ಆಂಡಾಳಮ್ಮ.

ಆಗ ವರದರಾಜರಿಗೆ ಒಂದು ಉಪಾಯ ಹೊಳೆಯಿತು. ಹೊರಟವರ ಎದುರಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಅಕ್ಕ ಇಳಿಯದೆ ಬಿಡುವುದಿಲ್ಲ. ಒಳಗೆ ಹೋಗಿ ಕೂತು ನೀರು ಕುಡಿಯುವಷ್ಟರಲ್ಲಿ ಏಳೂವರೆ ಆಗುತ್ತದೆ, ಸೋಮವಾರದ ರಾಹುಕಾಲ ಶುರು. ಆಮೇಲೆ ಹೇಗೋ ಮಾಡಿ ಬಸ್ಸಿಗೆ ಒಪ್ಪಿಸಬಹುದು, ಚಕ್ರದ ಮಾತೇ ಎತ್ತಬೇಕಿಲ್ಲ. ಕಂಬದ ಮರೆಗೆ ಸರಿದು ಕರವಸ್ತ್ರದ ತುದಿಯನ್ನು ಹೊಸೆದು ಮೂಗಿಗೆ ತೂರಿಸಿದರು.

"ಆಕ್ಷೀ!"

"ಅಯ್ಯೋ, ಒಂಟಿ ಸೀನು! ಇಳೀರಿ, ಎಲ್ಲಾ ಇಳೀರಿ" ಎಂದು ಆಂಡಾಳಮ್ಮ ಬಾಗಿಲು ತೆಗೆದರು. ಒಂದು ಕಾಲು ಕೆಳಗಿಟ್ಟಿದ್ದರು ಅಷ್ಟೆ. ಕೆರಳಿದ ಮೂಗು ಸುಮ್ಮನಿರುತ್ತದೆಯೇ? ತಡೆಯಲು ಮೂಗು ಹಿಡಿದುಕೊಂಡರೂ ಕೇಳದೆ ಎರಡನೆಯದು ಮೊದಲಿನದಕ್ಕಿಂತ ಜೋರಾಗಿ ಬಂತು.

"ಜೋಡಿ ಸೀನು! ಶುಭ ಆಯ್ತು" ಎಂದು ಆಂಡಾಳಮ್ಮ ಕಾಲು ಒಳಗೆಳೆದುಕೊಂಡರು. ಮಗು ಕೇಕೆ ಹಾಕಿ ನಕ್ಕಿತು. ರಾಮಾನುಜ ಗೇರು ಹಾಕಿದ, ನಿಂಬೆಹಣ್ಣು ಪಚಕ್ಕೆಂದವು.

ಮಗು ಕಿಟಕಿಯಿಂದ ಕೈ ಬೀಸುತ್ತಿತ್ತು. ವರದರಾಜರು ಓಡಿಹೋಗಿ ಕಾರಿನ ಮುಂದೆ ನಿಂತು ಬಾನೆಟ್ಟಿನ ಮೇಲೆ ಎರಡೂ ಕೈ ಊರಿದರು.

"ನಿಲ್ಸೋ ರಾಮು! ಈ ಚಕ್ರ ಒಳ್ಳೇದಲ್ಲ ಕಣೋ. ನಂದು ಬಿರುಕು ಬಿಟ್ಟಿದೆ. ನಂಗೆ ಗೊತ್ತಿತ್ತು, ಹೇಳೋಕೆ ಬಾಯಿ ಬರ್ಲಿಲ್ಲ. ಅರ್ಧ ಬೆಲೆಗೆ ಬಂದಿದ್ದು ಅರ್ಧ ಚಕ್ರಾನೇ."

ಇಡೀ ಬೀದಿ ಕೇಳಿಸಿಕೊಂಡಿತು. ರಾಮಾನುಜ ಇಂಜಿನ್ ಆರಿಸಿ ಇಳಿದ. ಮಾವನ ಮುಖ ನೋಡಿದ, ಚಕ್ರ ನೋಡಿದ, ಡಿಕ್ಕಿ ತೆಗೆದು ಟ್ರಂಕು ಕೆಳಗಿಳಿಸಿದ. "ಹೋಗ್ಲಿ ಬಿಡು, ಈಗ್ಲಾದ್ರೂ ಹೇಳಿದ್ಯಲ್ಲ" ಎಂದರು ಆಂಡಾಳಮ್ಮ. ವರದರಾಜರಿಗೆ ವಾರದ ಮೇಲೆ ಮೊದಲ ಸಲ ಉಸಿರು ಸರಾಗವಾಯಿತು. ಎಷ್ಟಾದರೂ ನಾಲ್ಕು ಜೀವ ಉಳಿಸಿದೆನಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

ಚೂಡಾಮಣಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಯಾವತ್ತು ಗೊತ್ತಾಯ್ತು ನಿಮಗೆ?"

"ಹೋದ ಸೋಮವಾರ. ನೀನು ಹೇಳಿದ್ದೇ ಸರಿ ಚೂಡಾ, ಒಪ್ಕೊಂಡೆ."

"ಅದಲ್ಲ ನಾನು ಕೇಳ್ತಿರೋದು. ಹೋದ ವಾರವೆಲ್ಲಾ ನನ್ನನ್ನ ಶೇಷಾದ್ರಿಪುರದ ಸ್ಕೂಲಿಗೆ ಅದೇ ಕಾರಲ್ಲೇ ಬಿಟ್ಟಿರಲ್ವಾ?"

ವಾರವಿಡೀ ವರದರಾಜರು ಅಕ್ಕನ ಬಗ್ಗೆ ಯೋಚಿಸಿದ್ದರು, ಮಗುವಿನ ಬಗ್ಗೆ, ಬೀದಿಯವರ ಬಾಯಿಯ ಬಗ್ಗೆ ಯೋಚಿಸಿದ್ದರು. ಹೆಂಡತಿಯ ಬಗ್ಗೆಯೂ ಯೋಚಿಸಿದ್ದರು, ಅವಳು ಆಡಿಕೊಳ್ಳುತ್ತಾಳೆ ಎಂದು ಮಾತ್ರ. ದಿನಾ ಪಕ್ಕದಲ್ಲೇ ಕೂತಿರುತ್ತಿದ್ದಳು ಎಂಬುದು ಹೊಳೆದೇ ಇರಲಿಲ್ಲ.

ಚೂಡಾಮಣಿ ಸೆರಗು ಹೊದ್ದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು.