ಟೈಲರಮ್ಮ ಸ್ಕೂಟರ್ ಆರಿಸಿದ್ದು (ಮೂರನೇ ಡ್ರಾಫ್ಟ್)

೧

ಎಲ್ಲಿಂದ ಶುರು ಮಾಡಲಿ? ಸೀಟಿನ ಎತ್ತರದಿಂದ ಮಾಡಬಹುದು: ನೆಲದಿಂದ ಎಪ್ಪತ್ತೆಂಟು ಸೆಂಟಿಮೀಟರ್. ಆದರೆ ಮೊದಲ ಸಾಲಲ್ಲೇ ಸೆಂಟಿಮೀಟರ್ ಕಂಡರೆ ನೀವು ಪುಸ್ತಕ ಮಗುಚಿಟ್ಟು ಎದ್ದು ಹೋಗುತ್ತೀರಿ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಸಾವಿನಿಂದ ಶುರು ಮಾಡಿದರೆ ಯಾರೂ ಏಳುವುದಿಲ್ಲ. ಹಾಗಾಗಿ ಮೊದಲ ಡ್ರಾಫ್ಟ್ ಹೀಗಿತ್ತು:

‘ಐದು ವರ್ಷದ ಹಿಂದೆ ಅದೇ ಸೇತುವೆಯ ಮೇಲೆ, ಅಂಥದ್ದೇ ಒಂದು ಸ್ಕೂಟರಿನಿಂದ ಬಿದ್ದು ಟೈಲರಮ್ಮನ ಒಬ್ಬನೇ ಮಗ...’

“ರೀ ಬರೆಯೋರೇ, ನಿಲ್ಸಿ ಅಲ್ಲಿಗೆ,” ಅಂದರು ಟೈಲರಮ್ಮ, ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ. “ನನ್ನ ಮಗ ಸೇತುವೆ ಮೇಲೆ ಯಾಕೆ ಸಾಯ್ತಾನೆ? ಅವನು ಕಾಮಾಲೆ ಆಗಿ ಹೋದ. ಆಸ್ಪತ್ರೇಲಿ, ಹನ್ನೊಂದು ದಿನ ಮಲಗಿ.”

“ಅದು ಗೊತ್ತಮ್ಮ. ಆದ್ರೆ ಸ್ಕೂಟರಿನಿಂದ ಬಿದ್ದ ಅಂದ್ರೆ ಕಥೆಗೆ ಒಂದು ಬಿಗಿ ಬರುತ್ತೆ. ಮಗನನ್ನ ಕೊಂದ ಗಾಡೀನೇ ತಾಯಿ ಓಡಿಸೋದು ಅಂದ್ರೆ...”

“ಬಿಗಿಯಾದ್ರೆ ಬಿಚ್ಚಿ ಹೊಲೀರಿ. ನನ್ನ ಮಗನ ಸಾವೇನು ಬಟನ್ನಾ, ನಿಮ್ಮ ಕಥೆಗೆ ಹೊಂದೋ ಬಣ್ಣದ್ದು ಹುಡುಕೋಕೆ?”

ಬಿಚ್ಚಿದೆ. ಕಾಮಾಲೆ, ಹನ್ನೊಂದು ದಿನ. ಸ್ಕೂಟರಿಗೂ ಅದಕ್ಕೂ ಸಂಬಂಧವಿಲ್ಲ.

೨

ಇನ್ನು ಪರಿಚಯ. ಟೈಲರಮ್ಮನಿಗೆ ಅರವತ್ತೊಂದು. ಹೊಸ ಬಟ್ಟೆ ಹೊಲಿಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಬರೀ ಆಲ್ಟರೇಷನ್. ದಪ್ಪಗಾದವರ ಸೊಂಟ ಬಿಡಿಸುವುದು, ಸೊರಗಿದವರದ್ದು ಹಿಡಿಯುವುದು, ಹಾಳಾದ ಜಿಪ್ ಬದಲಿಸುವುದು. ಬಡಾವಣೆಯಲ್ಲಿ ಯಾರು ಎಷ್ಟು ಉಬ್ಬಿದರು, ಎಷ್ಟು ಇಳಿದರು ಎಂಬುದು ಡಾಕ್ಟರಿಗಿಂತ ಮೊದಲು ಇವರಿಗೆ ಗೊತ್ತಾಗುತ್ತದೆ.

ಸೊಸೆಗೆ ಮೂವತ್ತನಾಲ್ಕು. ರಕ್ತಪರೀಕ್ಷೆಯ ಲ್ಯಾಬಿನವಳು. ಬೆಳಗ್ಗೆ ಮನೆಮನೆಗೆ ಹೋಗಿ ಖಾಲಿಹೊಟ್ಟೆಯವರ ರಕ್ತ ತೆಗೆದು ತರುವುದು ಅವಳ ಕೆಲಸ. ಮಕ್ಕಳು ಅವಳನ್ನು ‘ಚುಚ್ಚಕ್ಕ’ ಎನ್ನುತ್ತವೆ. ಅತ್ತೆಗೆ ಅವಳ ಮೇಲೆ ಪ್ರೀತಿ ಉಕ್ಕಿದಾಗ ಅವರೂ ಹಾಗೆಯೇ ಕರೆಯುತ್ತಾರೆ.

ಐದು ವರ್ಷದಿಂದ ಆ ಮನೆಯಲ್ಲಿ ಇಬ್ಬರೇ, ಇಬ್ಬರದ್ದೂ ಸೂಜಿಯ ಕೆಲಸ. ಸಂಜೆಯಾದರೆ ಸೊಸೆಯ ಹಳೇ ಸ್ಕೂಟರಿನ ಹಿಂದೆ ಅತ್ತೆ ಬಟ್ಟೆಯ ಗಂಟು ತಬ್ಬಿಕೊಂಡು ಕೂರುತ್ತಿದ್ದರು. ಗಿರಾಕಿಗಳ ಮನೆಗೆ ಒಂದು ಸುತ್ತು, ದಾರ ಬಟನ್ ಅಂಗಡಿಗೆ ಇನ್ನೊಂದು. ಈಚೀಚೆಗೆ ಟೈಲರಮ್ಮ ನೋಡಿದ ಲೋಕವೆಲ್ಲ ಸೊಸೆಯ ಎಡಭುಜದ ಮೇಲಿಂದ ನೋಡಿದ್ದು.

ಈಗ ಸೊಸೆ ಒಬ್ಬ ಬೇಕರಿಯವನನ್ನು ಮದುವೆಯಾಗುತ್ತಿದ್ದಾಳೆ. ಅವನ ಮನೆ ರೈಲ್ವೆ ಸೇತುವೆಯ ಆಚೆ, ಏಳು ಕಿಲೋಮೀಟರ್.

೨ (ಇನ್ನೊಂದು ಸಲ, ಯಾಕೆಂದರೆ ಸೊಸೆಗೆ ಸಿಟ್ಟು ಬಂದಿದೆ)

“ಅತ್ತೆ ಕೆಲಸಕ್ಕೆ ಒಂದು ಪ್ಯಾರಾ. ನನ್ನ ಮದುವೆಗೆ ಎರಡು ಸಾಲು. ಚೆನ್ನಾಗಿದೆ.”

ಸರಿ, ನೀನೇ ಹೇಳು ಅಂದೆ. ಹೇಳಿದಳು. ಬೇಕರಿಯವನ ತಾಯಿಗೆ ಸಕ್ಕರೆ ಕಾಯಿಲೆ. ತಿಂಗಳಿಗೊಮ್ಮೆ ರಕ್ತ ತೆಗೆಯಲು ಇವಳು ಹೋಗುತ್ತಿದ್ದಳು. ಇವಳು ಒಂದು ಕೈ ಹಿಡಿದರೆ ಅವನು ತಾಯಿಯ ಇನ್ನೊಂದು ಕೈ ಹಿಡಿದು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ರಕ್ತ ಕಂಡರೆ ಅವನಿಗೆ ತಲೆ ಸುತ್ತು.

“ಎರಡು ವರ್ಷ ಗೋಡೆ ನೋಡಿದ,” ಅಂದಳು. “ಆಮೇಲೊಂದು ದಿನ ನನ್ನನ್ನ ನೋಡಿದ.”

(ಇದಕ್ಕಿಂತ ಚೆನ್ನಾಗಿ ನನಗೆ ಬರೆಯಲು ಬರುವುದಿಲ್ಲ. ಹಾಗೇ ಬಿಟ್ಟಿದ್ದೇನೆ.)

ವಿಷಯ ಹೇಳಿದ ದಿನ ಟೈಲರಮ್ಮ ಮಿಷಿನ್ ನಿಲ್ಲಿಸಿದರು. ಅರ್ಧ ಹೊಲಿದ ತೋಳನ್ನು ಬದಿಗಿಟ್ಟು ಟೇಪು ಕೈಗೆತ್ತಿಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು: “ಹುಡುಗನ ಸೊಂಟ ಎಷ್ಟು? ಮದುವೆ ಸೂಟಿಗೆ ಅಳತೆ ಬೇಕಲ್ಲ.”

ಸೊಸೆ ಅವರ ಪಕ್ಕ ನೆಲದ ಮೇಲೆ ಕೂತಳು. “ಭಾನುವಾರ ಭಾನುವಾರ ನಾನೇ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತೀನಿ ಅತ್ತೆ.”

“ನಿನಗೆ ಬಿಡುವಾದಾಗ ನೀನು ಬರೋದು ಒಂದು. ನನಗೆ ನೋಡ್ಬೇಕು ಅನ್ನಿಸ್ದಾಗ ನಾನು ಬರೋದು ಇನ್ನೊಂದು. ನಾನೂ ಒಂದು ಸ್ಕೂಟರ್ ತಗೋತೀನಿ. ಆರಿಸೋಕೆ ಜೊತೆಗೆ ಬಾ.”

೩

ಶೋರೂಮ್. ಗಾಜು, ಹೊಸ ರಬ್ಬರಿನ ವಾಸನೆ. ಮಾರಾಟದ ಮೇಜಿನಲ್ಲಿದ್ದ ಹೆಂಗಸಿಗೆ ನಲವತ್ತು ದಾಟಿರಬೇಕು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಮೂರು ಗಾಡಿ ತೋರಿಸಿದಳು.

ಚಿಕ್ಕದು, ನೂರಾಹತ್ತು ಸಿಸಿ. ಟೈಲರಮ್ಮ ಕೂತರು, ಎರಡೂ ಪಾದ ಪೂರ್ತಿ ನೆಲಕ್ಕೆ. “ಚಪ್ಪಲಿ ಮೆಟ್ಟಿದ ಹಾಗಿದೆ,” ಅಂದರು. ದೊಡ್ಡದು, ನೂರರವತ್ತು. ಅದರ ಮೇಲೆ ಕೂತು, “ಸೋಫಾ ಓಡಿಸ್ಕೊಂಡು ಹೋದ್ರೆ ಜನ ನಗಲ್ವಾ?” ಅಂದರು.

ಮಧ್ಯದ್ದು ನೂರಿಪ್ಪತ್ತೈದು. ಟೈಲರಮ್ಮ ಹತ್ತುವ ಮೊದಲು ಅದನ್ನೊಂದು ಸುತ್ತು ಹಾಕಿದರು, ಬಟ್ಟೆಯ ಒಳಹೊಲಿಗೆ ನೋಡುವಂತೆ. ಕಾಲಿಡುವ ಜಾಗ ಚಪ್ಪಟೆ, ಗಂಟು ಕೂರುತ್ತದೆ. ಪೆಟ್ರೋಲ್ ಮುಚ್ಚಳ ಹೊರಗಡೆ, ಸೀಟೆತ್ತಿ ಒದ್ದಾಡಬೇಕಿಲ್ಲ. ಡಿಕ್ಕಿಯಲ್ಲಿ ಒಂದು ಹೆಲ್ಮೆಟ್ ಹಿಡಿಸುತ್ತದೆ. ಮುಂದಿನ ಚಕ್ರ ಸ್ವಲ್ಪ ದೊಡ್ಡದು, ಗುಂಡಿಗೆ ಇಳಿದರೆ ಬೆನ್ನಿಗೆ ಬಡಿಯುವುದಿಲ್ಲ. ಎಲ್ಲ ಸರಿ, ಕೂತರೆ ಮಾತ್ರ ನೆಲಕ್ಕೆ ಬೆರಳ ತುದಿ ತಾಗುತ್ತದೆ, ಅಷ್ಟೇ. (ಎಪ್ಪತ್ತೆಂಟು ಸೆಂಟಿಮೀಟರ್. ಈಗ ಹೇಳಬಹುದು ತಾನೇ?)

“ಆಂಟಿ, ನಿಮ್ಮ ಎತ್ತರಕ್ಕೆ ಚಿಕ್ಕದೇ ಸರಿ,” ಅಂದಳು ಮಾರಾಟದವಳು. “ಹಾಲು, ತರಕಾರಿ, ಅಕ್ಕಪಕ್ಕದ ಬೀದಿಗೆ ಧಾರಾಳ ಸಾಕು.”

“ರೈಲ್ವೆ ಸೇತುವೆ ಹತ್ತುತ್ತಾ?”

“ಒಬ್ರಿದ್ರೆ ಆರಾಮಾಗಿ.”

“ಇಬ್ರಿದ್ರೆ?”

“ಸ್ವಲ್ಪ ಏದುಸಿರು ಬಿಡುತ್ತೆ. ಇಬ್ರಿಗಾದ್ರೆ ಮಧ್ಯದ್ದೇ ಬೇಕು.”

ಸೊಸೆ ನಕ್ಕಳು. “ಹಿಂದೆ ಯಾರನ್ನ ಕೂರಿಸ್ಕೋತೀರಿ ಅತ್ತೆ?”

“ವಾಪಸ್ ಬರೋವಾಗ ನೀನಿರ್ತೀಯಲ್ಲ.”

ಸೊಸೆಯ ನಗು ನಿಂತಿತು.

(ಎರಡನೇ ಡ್ರಾಫ್ಟಿನಲ್ಲಿ ಇಲ್ಲಿ ನಾನು ಸೊಸೆ ಅಳುವಂತೆ ಮಾಡಿದ್ದೆ. ಅತ್ತೆಯ ಎದೆಗೆ ತಲೆಯಿಟ್ಟು, ಶೋರೂಮಿನ ನಡುವೆ. ‘ನನಗೆ ಅಳು ಬರ್ಲಿಲ್ಲ, ಸಿಟ್ಟು ಬಂತು,’ ಅಂತ ಸೊಸೆ ಹೇಳಿದ್ದರಿಂದ ಆ ಪುಟ ಹರಿದೆ.)

“ನಾನು ವಾಪಸ್ ಬರಲ್ಲ ಅತ್ತೆ. ಮದುವೆಯಾಗಿ ಅಲ್ಲಿ ಇರೋಕೆ ಹೋಗ್ತಿದೀನಿ.”

“ಬಂದು ಹೋಗೋಕೆ ಅಂದೆ ಕಣೆ.”

“ಮೊದಲು ಹಾಗನ್ಲಿಲ್ಲ ನೀವು.”

ಟೈಲರಮ್ಮ ಹ್ಯಾಂಡಲ್ ಹಿಡಿದು, ಬೆರಳ ತುದಿಯಲ್ಲಿ ನೆಲ ಮುಟ್ಟಿಕೊಂಡು ಕೂತೇ ಇದ್ದರು. ಸುಳ್ಳು ಹೇಳಿ ಮುಗಿಸಬಹುದಿತ್ತು. ನಾನು ಬರೆದೂ ಕೊಟ್ಟೆ. ಅವರು ತಗೊಳ್ಳಲಿಲ್ಲ.

“ಇಲ್ಲ,” ಅಂದರು. “ಮೊದಲು ಬಾಯಿಗೆ ಬಂದಿದ್ದೇ ನಿಜ. ಆಮೇಲಿಂದು ತಿದ್ದಿದ್ದು. ನೀನು ಹೋಗ್ಬೇಡ ಅಂತ ನಾನೆಲ್ಲೂ ಅಂದಿಲ್ಲ, ಅನ್ನೋದೂ ಇಲ್ಲ. ಒಳಗೊಂದು ಆಸೆ ಸುಮ್ನೆ ಕೂತಿದೆ. ಅದಕ್ಕೆ ನಾನೇನು ಮಾಡ್ಲಿ ಹೇಳು.”

ಸೊಸೆ ಗಾಜಿನ ಬಾಗಿಲು ತಳ್ಳಿಕೊಂಡು ಹೊರಗೆ ಹೋದಳು. ಟೈರಿಗೆ ಗಾಳಿ ಹಾಕುವ ಪಂಪಿನ ಹತ್ತಿರ ಬೆನ್ನು ಮಾಡಿ ನಿಂತಳು. ಅವಳು ಏನು ಯೋಚಿಸಿದಳು ಎಂದು ನನ್ನನ್ನು ಕೇಳಬೇಡಿ. ನಾನು ಗಾಜಿನ ಈಚೆಗಿದ್ದೆ.

೫ (ನಾಲ್ಕು ಎಲ್ಲಿ ಹೋಯಿತು? ಹತ್ತು ನಿಮಿಷದ ಮೌನ. ಅದಕ್ಕೆ ಪುಟ ಯಾಕೆ ದಂಡ.)

ಮಾರಾಟದವಳು ಪಾಪ, ಎತ್ತಲೂ ನೋಡಲಾರದೆ ವಿಮೆಯ ಫಾರ್ಮ್ ತಂದಿಟ್ಟಳು. ಯಾವ ಗಾಡಿಯಾದರೂ ತುಂಬಲೇಬೇಕಾದದ್ದು. ಹೆಸರು, ವಯಸ್ಸು, ವಿಳಾಸ. ನಿಮಗೇನಾದರೂ ಆದರೆ ಹಣ ಯಾರಿಗೆ ಸೇರಬೇಕು? ಟೈಲರಮ್ಮ ಸೊಸೆಯ ಹೆಸರು ಬರೆದರು. ಪಕ್ಕದಲ್ಲಿ ‘ಸಂಬಂಧ’ ಅಂತ ಒಂದು ಖಾಲಿ ಜಾಗ. ಪೆನ್ನು ಅಲ್ಲಿ ನಿಂತಿತು.

ಹಿಂದಿನಿಂದ ಒಂದು ಕೈ ಬಂದು ಪೆನ್ನು ತೆಗೆದುಕೊಂಡಿತು. ಸೊಸೆ ಒಳಗೆ ಬಂದದ್ದನ್ನು ಯಾರೂ ಗಮನಿಸಿರಲಿಲ್ಲ. ಬಗ್ಗಿ, ದಪ್ಪ ಅಕ್ಷರದಲ್ಲಿ ‘ಸೊಸೆ’ ಎಂದು ಬರೆದಳು.

ಅಷ್ಟೂ ಮಾತು ಕೇಳಿಸಿಕೊಂಡಿದ್ದ ಮಾರಾಟದವಳು ಮೆಲ್ಲಗೆ ಅಂದಳು: “ಮೇಡಂ, ಮದುವೆ ಆದ್ಮೇಲೆ ಇದು ಬದಲಾಗಲ್ವಾ?”

“ವಿಳಾಸ ಬದಲಾಗುತ್ತೆ. ಆಗ ಬಂದು ಬರೆಸ್ತೀನಿ,” ಅಂದಳು ಸೊಸೆ. ಆಮೇಲೆ ಅತ್ತೆಯ ಕಡೆ ನೋಡದೆಯೇ, “ಮಧ್ಯದ್ದೇ ಕೊಡಿ. ಇಬ್ರಿಗಾಗೋದು.”

“ಕಾಲು ಎಟುಕಲ್ವಲ್ಲ ಮೇಡಂ?”

“ಅದನ್ನ ನಾನು ನೋಡ್ಕೋತೀನಿ,” ಅಂದರು ಟೈಲರಮ್ಮ.

೬

ನೋಡಿಕೊಂಡರು. ಗಾಡಿ ಮನೆಗೆ ಬಂದ ಮರುದಿನವೇ ಸೀಟು ಬಿಚ್ಚಿ ಕತ್ತರಿಸುವ ಮೇಜಿನ ಮೇಲೆ ಮಗುಚಿ ಹಾಕಿದರು. ಇಕ್ಕಳದಲ್ಲಿ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಹೊದಿಕೆ ಬಿಚ್ಚಿದರು. ಒಳಗೆ ಹಳದಿ ಸ್ಪಂಜು. ಕತ್ತರಿ ಅದಕ್ಕೆ ನಾಟಲಿಲ್ಲ.

ಸೊಸೆ ಫೋನ್ ಮಾಡಿದಳು. ಅರ್ಧ ಗಂಟೆಗೆ ಬೇಕರಿಯವನು ಬಂದ, ತೋಳಿಗೆಲ್ಲ ಮೈದಾ, ಕೈಯಲ್ಲಿ ಬ್ರೆಡ್ ಕುಯ್ಯುವ ಉದ್ದ ಹಲ್ಲಿನ ಚಾಕು. ಟೈಲರಮ್ಮ ಸೀಮೆಸುಣ್ಣದಿಂದ ಗುರುತು ಹಾಕಿದರು, ಅವನು ಕುಯ್ದ. ಓಡಿಸುವವರ ಜಾಗದಿಂದ ಎರಡು ಬೆರಳು ದಪ್ಪ, ತೊಡೆ ತಾಗುವ ಕಡೆ ಇನ್ನೂ ಸ್ವಲ್ಪ.

“ನಿಮ್ಮ ಕೈ ನಡುಗಲ್ಲ,” ಅಂದರು ಟೈಲರಮ್ಮ.

“ರಕ್ತ ಬರದೇ ಇರೋದು ಏನು ಬೇಕಾದ್ರೂ ಕುಯ್ತೀನಿ ಅಮ್ಮ.”

ಅವರು ನಕ್ಕುಬಿಟ್ಟರು. ಅವನ ಮುಂದೆ ಅವರು ನಕ್ಕದ್ದು ಅದೇ ಮೊದಲು. ಹೊದಿಕೆಯನ್ನು ಕಿರಿದು ಮಾಡಿ, ಮೇಣದ ದಾರದಲ್ಲಿ ಹೊಲಿದು ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ಹತ್ತಿ ಕೂತರೆ ಹಿಮ್ಮಡಿ ನೆಲಕ್ಕೆ ಕೂತಿತು. ಹಿಂದಿನ ಸೀಟನ್ನು ಮುಟ್ಟಲಿಲ್ಲ.

ಆಮೇಲೆ ಆರು ವಾರ ಗೋದಾಮಿನ ಹಿಂದಿನ ಬಯಲಲ್ಲಿ ಪಾಠ. ಹಿಂದೆ ಸೊಸೆ. “ಬ್ರೇಕು ಅತ್ತೆ, ಬ್ರೇಕು!” “ಕಿರುಚ್ಬೇಡ, ಮರೆತು ಹೋಗುತ್ತೆ!” ಒಂದು ಸಲ ಬಿದ್ದರು, ಮಂಡಿ ಸುಲಿಯಿತು. ಲೈಸೆನ್ಸಿಗೆ ಮೊದಲ ಸಲ ಫೇಲು, ಎಂಟರ ಆಕಾರದಲ್ಲಿ ಓಡಿಸುವಾಗ ಕಾಲು ಕೆಳಗಿಟ್ಟದ್ದಕ್ಕೆ. ಎರಡನೇ ಸಲ ಪಾಸು.

ಮದುವೆಯಾಯಿತು. ಎಲ್ಲರ ಬಟ್ಟೆಯೂ ಅಳತೆಗೆ ಸರಿಯಾಗಿತ್ತು.

೭

ಮುಕ್ತಾಯ (ಅ): ಟೈಲರಮ್ಮ ಸೇತುವೆಯ ಬುಡದವರೆಗೆ ಹೋಗಿ, ಧೈರ್ಯ ಸಾಲದೆ ಹಿಂದಿರುಗುತ್ತಾರೆ.

“ಯಾಕೆ? ಅದಕ್ಕಾ ನಾನು ಮಂಡಿ ಸುಲಿಸ್ಕೊಂಡಿದ್ದು?”

ಮುಕ್ತಾಯ (ಆ): ಸೇತುವೆ ದಾಟುತ್ತಾರೆ. ಬಾಗಿಲಲ್ಲೇ ಕಾಯುತ್ತಿದ್ದ ಸೊಸೆ ಓಡಿಬಂದು ತಬ್ಬಿಕೊಳ್ಳುತ್ತಾಳೆ.

“ಅವಳಿಗೆ ಕೆಲಸ ಇಲ್ವಾ?”

ಆದದ್ದು ಹೀಗೆ. ಒಂಬತ್ತು ದಿನ ಟೈಲರಮ್ಮ ತಡೆದುಕೊಂಡರು. ಹತ್ತನೇ ದಿನ, ಮಂಗಳವಾರ, ಬೆಳಗ್ಗೆ ಹತ್ತಕ್ಕೆ ಮಿಷಿನ್ನಿಗೆ ಮುಸುಕು ಹಾಕಿ ಹೊರಟರು. ಸೇತುವೆಯ ಏರಿನಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. “ಬರ್ತೀನಿ ತಾಳಪ್ಪ,” ಅಂತ ಜೋರಾಗಿ ಅಂದು ಎಡಕ್ಕೆ ಸರಿದರು. ಹೆಲ್ಮೆಟ್ಟಿನೊಳಗೆ ಅದು ಅವರಿಗೊಬ್ಬರಿಗೇ ಕೇಳಿಸಿತು.

ಸೊಸೆ ಕೆಲಸಕ್ಕೆ ಹೋಗಿದ್ದಳು. ಬಾಗಿಲು ತೆಗೆದದ್ದು ಬೇಕರಿಯವನ ತಾಯಿ. ಮದುವೆಯ ದಿನ ಇಬ್ಬರೂ ಒಂದು ನಗು ಕೊಟ್ಟು ತಗೊಂಡಿದ್ದರು, ಅಷ್ಟೇ ಪರಿಚಯ. ಈಗ ಇಬ್ಬರೂ ಹೊಸಿಲಿನ ಎರಡು ಕಡೆ ನಿಂತರು.

“ಅವಳಿಲ್ಲ. ಮಧ್ಯಾಹ್ನ ಬರ್ತಾಳೆ.”

“ಹಾಗಾ. ಸುಮ್ನೆ ಬಂದೆ.”

“ಒಬ್ರೇ ಬಂದ್ರಾ? ಇದ್ರಲ್ಲಿ?”

ಆಕೆ ಮೆಟ್ಟಿಲಿಳಿದು ಬಂದು ಸ್ಕೂಟರನ್ನು ಬಹಳ ಹೊತ್ತು ನೋಡಿದರು. “ನನ್ನನ್ನ ಎಲ್ಲಿಗೆ ಕರ್ಕೊಂಡು ಹೋದ್ರೂ ಬ್ರೆಡ್ ವ್ಯಾನಲ್ಲೇ,” ಅಂದರು. “ಟ್ರೇಗಳ ಮಧ್ಯ ಕೂತು ಹೋಗ್ಬೇಕು. ಕಣ್ಣಿನ ಡಾಕ್ಟ್ರು ‘ಏನಮ್ಮಾ ವೆನಿಲಾ ವಾಸನೆ’ ಅಂತಾರೆ. ತಿನ್ನೋ ಹಾಗೂ ಇಲ್ಲ, ಬರೀ ವಾಸನೆ.” ಹಿಂದಿನ ಸೀಟು ಒತ್ತಿ ನೋಡಿ, “ಹಿಂದೆ ಕೂತ್ರೆ ಭಯ ಆಗುತ್ತಾ?”

“ಐದು ವರ್ಷ ಕೂತಿದೀನಿ. ಓಡಿಸೋರ ಭುಜ ಹಿಡ್ಕೊಂಡ್ರೆ ಏನಾಗಲ್ಲ.”

ನಾನು ಮಧ್ಯೆ ಬಾಯಿ ಹಾಕಿದೆ. “ಅಮ್ಮ, ಆ ಸೀಟು ಸೊಸೆಗೆ ಅಂತ ಅಲ್ವಾ? ಇಡೀ ಕಥೆ ನಾನು ಅದರ ಮೇಲೇ ಕೂರಿಸಿದೀನಿ.”

“ಹಾಗಾದ್ರೆ ಇಳಿಸಿ,” ಅಂದರು ಟೈಲರಮ್ಮ. “ಇವರು ಹತ್ಬೇಕು.”

ಡಿಕ್ಕಿಯಿಂದ ಇನ್ನೊಂದು ಹೆಲ್ಮೆಟ್ ತೆಗೆದು ಆಕೆಯ ಗಲ್ಲದ ಕೆಳಗೆ ಪಟ್ಟಿ ಬಿಗಿದರು. ಆಕೆ ಮೂರನೇ ಪ್ರಯತ್ನಕ್ಕೆ ಹತ್ತಿ ಕೂತರು. ಬಾಗಿಲಿಗೆ ಬೀಗ ಬಿತ್ತು. ಎಲ್ಲಿಗೆ ಅಂತ ಕೇಳಿದೆ. ಇಬ್ಬರೂ ಹೇಳಲಿಲ್ಲ.

೮

ಮಧ್ಯಾಹ್ನ ಒಂದಕ್ಕೆ ಸೊಸೆ ಬಂದಾಗ ಬೀಗ. ಅತ್ತೆಗೆ ಫೋನ್ ಮಾಡಿದಳು: ರಿಂಗಾಯಿತು, ಎತ್ತಲಿಲ್ಲ. ಇನ್ನೊಬ್ಬ ಅತ್ತೆಗೆ ಮಾಡಿದಳು: ಫೋನು ಮನೆಯೊಳಗೇ ಹೊಡೆದುಕೊಂಡಿತು. ಪಕ್ಕದ ಮನೆಯವರು ಕಿಟಕಿಯಿಂದ ಕೂಗಿ ಹೇಳಿದರು, “ಇಬ್ರೂ ಸ್ಕೂಟರಲ್ಲಿ ಹೋದ್ರು. ನಗ್ತಾ ಇದ್ರು.”

ಸೊಸೆ ಮೆಟ್ಟಿಲ ಮೇಲೆ ಕೂತಳು. ಬೂಟು ಬಿಚ್ಚಿ ಕಾಲು ಚಾಚಿದಳು. ನಗಬೇಕೋ ಗಾಬರಿಯಾಗಬೇಕೋ ಅವಳಿಗೂ ತಿಳಿದಂತಿರಲಿಲ್ಲ. ಮತ್ತೆ ಫೋನ್ ಎತ್ತಿದಳು, ಇಟ್ಟಳು.

“ನಿಮಗಾದ್ರೂ ಗೊತ್ತಾ ಎಲ್ಲಿಗೆ ಹೋದ್ರು ಅಂತ?”

“ನನಗೂ ಹೇಳಿಲ್ಲ. ಈಗಲೇ ಬಂದ್ರು ಅಂತ ಬರೀಲಾ?”

ರಸ್ತೆಯ ತಿರುವಿನಲ್ಲಿ ಒಂದು ಸ್ಕೂಟರ್ ಕಂಡಿತು. ಬೇರೆ ಯಾರದ್ದೋ.

“ಬೇಡ,” ಅಂದಳು. “ಅವರಾಗೇ ಬರ್ಲಿ. ನೀವು ಹೊರಡಿ, ನಾನು ಕೂತಿರ್ತೀನಿ.”